ಆರ್‌ಸಿ ರಿನ್ಯೂವಲ್ ಏಜೆಂಟ್ ಕೈಗೆ ಕೊಡುವ ಮೊದಲು ಇದನ್ನೊಮ್ಮೆ ಓದಿ ಮಾರಾಯ್ರೆ

ಮೊದಲೇ ಹೇಳ್ತೇನೆ, ಇದನ್ನು ಬರೀಲಿಕ್ಕೆ ನನಗೆ ನಾಚಿಕೆ ಆಗ್ತದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಪಾಠ ಮಾಡಿದವ ನಾನು. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದವರೆಗೆ ಯಾವ ಅಂಗಡಿಗೆ ಹೋದ್ರೂ ಒಬ್ಬನಾದ್ರೂ ಹಳೇ ಸ್ಟೂಡೆಂಟ್ ಸಿಗ್ತಾನೆ. ಅಂಥ ನನ್ನನ್ನು ಒಬ್ಬ ಏಜೆಂಟ್ ಎರಡೂವರೆ ತಿಂಗಳು "ಎಲ್ಲಾಂ ಶೆರಿಯಾಕ್ಕಾಂ ಮಾಷೇ" (ಎಲ್ಲ ಸರಿ ಮಾಡುವ ಮೇಷ್ಟ್ರೇ) ಅಂತ ಒಂದೇ ಮಾತಲ್ಲಿ ಕೂರಿಸಿ ಇಟ್ಟ. ಮನೆಯಲ್ಲಿ ಹೆಂಡತಿ "ಆದದ್ದು ಆಯ್ತು, ಇನ್ನು ಊರಿಗೆಲ್ಲ ಹೇಳ್ಬೇಡಿ, ನಗ್ತಾರೆ" ಅಂತಾಳೆ. ನಗ್ಲಿ. 2010, 11ರಲ್ಲಿ ಕಾರು ತಗೊಂಡವರಿಗೆಲ್ಲ ಈಗ ಇದೇ ಸರದಿ ಬರ್ತಾ ಉಂಟು, ಅವ್ರು ಹೀಗೆ ಬೀಳಬಾರ್ದು.

ನಂದು ಹಳೇ ಆಲ್ಟೊ. 2010ರ ಸೆಪ್ಟೆಂಬರಲ್ಲಿ ರಿಜಿಸ್ಟ್ರೇಶನ್ ಆದದ್ದು, ಅಂದ್ರೆ 2025ರ ಸೆಪ್ಟೆಂಬರಿಗೆ ಹದಿನೈದು ವರ್ಷ ಮುಗೀತು. ಇನ್ನು ಐದೈದು ವರ್ಷಕ್ಕೆ ರಿನ್ಯೂವಲ್. ಅವಧಿ ಮುಗಿಯುವ ಅರುವತ್ತು ದಿನ ಮೊದಲಿಂದ ಅರ್ಜಿ ಹಾಕಬಹುದು ಅಂತ ಗೊತ್ತಿತ್ತು, ಹಾಗೆ ಜುಲೈ ಕೊನೆಗೇ ಹೊರಟೆ. ಕೊನೇ ಗಳಿಗೆಯಲ್ಲಿ ಓಡುವವ ನಾನಲ್ಲ. ಆದ್ರೂ ಎಂತ ಪ್ರಯೋಜನ.

ಮೊದಲು ಹೊಗೆ ಟೆಸ್ಟಿಗೆ ನಾನೇ ಹೋದೆ. ಜೋರು ಆಟಿ ಮಳೆ, ಪೇಟೆಯ ಹತ್ತಿರದ ಒಂದು ಪುಕ (ಮಲಯಾಳದಲ್ಲಿ ಹೊಗೆ) ಪರಿಶೋಧನ ಕೇಂದ್ರ, ಮನೆಯಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ಸೈಲೆನ್ಸರಿಗೆ ನಳಿಗೆ ಹಾಕಿದ, ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿದ, "ಫೇಲ್ ಮಾಷೇ" ಅಂದ. ಕಾರ್ಬನ್ ಮೋನಾಕ್ಸೈಡ್ ಶೇಕಡಾ 1.9. ನನ್ನ ಕಾರಿನ ಕಾಲದ್ದಕ್ಕೆ, ಬಿಎಸ್ 3 ಅನ್ನುವ ಹೊಗೆ ನಿಯಮದ ಪೆಟ್ರೋಲ್ ಕಾರಿಗೆ, 0.5ರ ಮೇಲೆ ಹೋಗಬಾರ್ದು. ಮೊದಲಾದ್ರೆ ಇದೆಲ್ಲ ಒಂದು ವಿಷಯವೇ ಆಗ್ತಿರ್ಲಿಲ್ಲ, ಕೆಲವು ಕಡೆ ನಳಿಗೆ ಹಾಕಿದ ಹಾಗೆ ಮಾಡಿ ಕಾಗದ ಕೊಡ್ತಿದ್ರು, 2024ರಲ್ಲಿ ಸಾಫ್ಟ್‌ವೇರ್ ಹೊಸತಾದ ಮೇಲೆ ಬಿಗಿ ಆಗಿದೆ, ಗಾಡಿಯ ಫೋಟೋನೂ ಅಲ್ಲೇ ಮೊಬೈಲ್ ಆ್ಯಪಲ್ಲಿ ತೆಗೀಬೇಕು. ಈ ಫೋಟೋ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರ್ತದೆ.

ಫೇಲ್ ಅಂದ ಕೂಡ್ಲೇ ನನಗೆ ಕೈಕಾಲು ಆಡ್ಲಿಲ್ಲ. ತೋಟಕ್ಕೆ ಬೋರ್ಡೋ ಮದ್ದು ಬಿಡುವ ಗಡಿಬಿಡಿ ಬೇರೆ, ಮಳೆ ಒಂದು ದಿನ ಬಿಟ್ರೆ ಮದ್ದು ಬಿಡುವ ಜನ ಸಿಗುವುದಿಲ್ಲ, ಜನ ಸಿಕ್ಕಿದ್ರೆ ಮಳೆ ಬಿಡುವುದಿಲ್ಲ. ಆಗ ಯಾರೋ ಪರಿಚಯದವರು ಈ ಏಜೆಂಟಿನ ಹೆಸರು ಹೇಳಿದ್ರು. ಸಣ್ಣ ಅಂಗಡಿ, ಗೋಡೆಯಲ್ಲಿ ಇನ್ಶೂರೆನ್ಸ್ ಕ್ಯಾಲೆಂಡರು, ಮೇಜಿನ ಮೇಲೆ ಆರ್‌ಸಿಗಳ ರಾಶಿ. ಆ ರಾಶಿ ನೋಡಿಯೇ ನಾನು ನಂಬಿದ್ದು, ಇಷ್ಟು ಜನ ಕೊಟ್ಟಿದ್ದಾರಲ್ಲ ಅಂತ. ಅವ್ರೂ ನನ್ನ ಹಾಗೇ ಕಾಯ್ತಾ ಇರುವವರು ಅಂತ ಆಗ ತಲೆಗೆ ಹೋಗ್ಲಿಲ್ಲ ನೋಡಿ.

"ಮಾಷ್ ಎಂತಕ್ಕೆ ಓಡಾಡುವುದು ಈ ಪ್ರಾಯದಲ್ಲಿ. ಹೊಗೆ, ಟ್ಯಾಕ್ಸ್, ಫೀಸ್, ಇನ್ಸ್‌ಪೆಕ್ಷನ್, ಎಲ್ಲಾ ಸೇರಿ 21,500. ಕಾರು ಒಂದು ದಿನ ನನ್ನ ಹತ್ರ ಬಿಡಿ." ಒಂದು ಚೀಟಿಯಲ್ಲಿ ಲೆಕ್ಕ ಗೀಚಿ ಕೊಟ್ಟ, ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಅಚ್ಚಾದದ್ದನ್ನು ಕೂಡಿಸಿ ಕೂಡಿಸಿ ಓದ್ತೇನೆ, ಕೈಬರಹ ಅಂದ್ರೆ ಆಗುವುದಿಲ್ಲ. ನಮ್ಮ ಕಾಲದ ಕನ್ನಡ ಮೀಡಿಯಮ್ಮಿನವರಿಗೆಲ್ಲ ಇದೇ ಕಥೆ. ಮೊತ್ತ ಮಾತ್ರ ಕೂಡಿಸಿ ನೋಡಿದೆ, ಸರಿ ಇತ್ತು. ಲೆಕ್ಕದ ಮಾಷ್ ಅಲ್ವಾ, ಕೂಡಿಸಿದ್ದು ಸರಿ ಬಂದ್ರೆ ಸಾಕು! ಚೀಟಿ ಮಡಚಿ ಕಿಸೆಗೆ ಹಾಕ್ಕೊಂಡೆ. ಗೂಗಲ್ ಪೇ ಮಾಡಿದೆ. ಒರಿಜಿನಲ್ ಆರ್‌ಸಿ ಕೊಟ್ಟೆ, ಆಧಾರ್ ಜೆರಾಕ್ಸ್ ಕೊಟ್ಟೆ. "ಒಂದು ಒಟಿಪಿ ಬರ್ತದೆ ಹೇಳಿ" ಅಂದ, ಹೇಳಿದೆ. ಎಂತದಕ್ಕೆ ಒಟಿಪಿ ಅಂತ ಕೇಳ್ಲೇ ಇಲ್ಲ.

ಎರಡು ದಿನ ಬಿಟ್ಟು ಕಾರು ಬಂತು, ಜೊತೆಗೆ ಹೊಗೆ ಸರ್ಟಿಫಿಕೇಟ್. ಕಾರ್ಬನ್ ಮೋನಾಕ್ಸೈಡ್ 0.08. ನಾನು ಅದನ್ನು ಹೆಂಡತಿಗೆ ತೋರಿಸಿ "ನೋಡು, ನಮ್ಮ ಕಾರಿನ ಇಂಜಿನ್ ಈಗ ಹಾಲು ಕುಡಿಯುವ ಮಗುವಿನ ಹಾಗೆ" ಅಂತ ಹೇಳಿದ್ದೆ. ಈಗ ಅವಳು ದಿನಕ್ಕೊಮ್ಮೆಯಾದ್ರೂ ಅದನ್ನು ನೆನಪು ಮಾಡ್ತಾಳೆ.

ಮತ್ತೆ ಶುರು ಆಯ್ತು ಕಾಯುವುದು. ಫೋನ್ ಮಾಡಿದ್ರೆ ಸರ್ವರ್ ಇಲ್ಲ. ಮುಂದಿನ ವಾರ ಫೋನ್ ಮಾಡಿದ್ರೆ ಸಾರ್ ಲೀವು. ಆಗಸ್ಟ್ ಕೊನೆಗೆ "ಓಣಂ ಕಳಿಯಟ್ಟೆ ಮಾಷೇ", ಓಣಂ ಕಳೀಲಿ ಅಂತ. ಓಣಂ ಸೆಪ್ಟೆಂಬರ್ 5ಕ್ಕೆ ಕಳೀತು, ನನ್ನ ಆರ್‌ಸಿ ಅವಧಿಯೂ ಅದರ ಹಿಂದೆಯೇ ಕಳೀತು. ಅವಧಿ ಮುಗೀತಲ್ಲ ಮಾರಾಯ ಅಂದ್ರೆ "ಅರ್ಜಿ ಹಾಕಿ ಆಗಿದೆ, ಇನ್ನು ತೊಂದ್ರೆ ಇಲ್ಲ, ಶೆರಿಯಾಕ್ಕಾಂ." ಸೆಪ್ಟೆಂಬರ್ ಕೊನೆಗೆ ಒಂದು ದಿನ ರಾತ್ರಿ ಎಂಟೂವರೆಗೆ ಮೆಸೇಜು, ನಾಳೆ ಬೆಳಿಗ್ಗೆ ಕಾರು ಆರ್‌ಟಿಒ ಗ್ರೌಂಡಿಗೆ ತನ್ನಿ, ಇನ್ಸ್‌ಪೆಕ್ಷನ್ ಉಂಟು. ಅವ ಬರ್ಲಿಲ್ಲ. ಒಬ್ಬ ಹುಡುಗನನ್ನು ಕಳಿಸಿದ್ದ, ಆ ಹುಡುಗ ಅರ್ಧ ಗಂಟೆ ನನ್ನ ಪಕ್ಕ ನಿಂತು ರೀಲ್ಸ್ ನೋಡಿದ, ಮತ್ತೆ ಚಾ ಕುಡ್ದು ಬರ್ತೇನೆ ಅಂತ ಹೋದವ ಬರ್ಲೇ ಇಲ್ಲ.

ಇನ್ಸ್‌ಪೆಕ್ಟರ್ ಒಳ್ಳೆ ಮನುಷ್ಯ, ಅದು ಹೇಳ್ಲೇಬೇಕು. ಚಾಸಿ ನಂಬರ್ ನೋಡಿದ್ರು, ಲೈಟು, ಹಾರ್ನು, ನಂಬರ್ ಪ್ಲೇಟು ನೋಡಿದ್ರು. ಕೈಯಲ್ಲಿದ್ದ ಫೋನಲ್ಲಿ ಎಂತದೋ ನೋಡಿ ಕಾರಿನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ್ರು. ಬಂಪರಿನ ಎಡಬದಿ ಒಳಗೆ ಹೋಗಿದೆ, ಅದಕ್ಕೆ ಬೆರಳು ಹಾಕಿ, ಮಾಷೇ ಇದು ಯಾವಾಗ ಆದದ್ದು ಅಂತ ಕೇಳಿದ್ರು.

ನಾನು ಎಂತ ಹೇಳಿದೆ ಗೊತ್ತುಂಟಾ? "ಅದು ನಾಲ್ಕು ವರ್ಷ ಆಯ್ತು ಸರ್, ಮನೆ ಅಂಗಳದಲ್ಲಿ ರಿವರ್ಸ್ ತೆಗೆದು ಮುಂದೆ ಬರುವಾಗ ಹಲಸಿನ ಮರಕ್ಕೆ ತಾಗಿದ್ದು." ನಗಾಡಿಕೊಂಡು ಹೇಳಿದೆ, ಮಾತಿಗೆ ಕೇಳ್ತಿದ್ದಾರೆ ಅಂತ.

ಅವ್ರು ಫೋನ್ ನನ್ನ ಕಡೆ ತಿರುಗಿಸಿದ್ರು. ಹೊಗೆ ಸರ್ಟಿಫಿಕೇಟಿನ ಫೋಟೋ, ದೊಡ್ಡದು ಮಾಡಿ. ಅದೇ ಬೆಳ್ಳಿ ಬಣ್ಣ. ಬಂಪರು ಮಾತ್ರ ಹೊಸತರ ಹಾಗೆ ನೆಟ್ಟಗೆ ಉಂಟು. ನನ್ನ ನಂಬರು ಕಾಗದದಲ್ಲಿ ಪ್ರಿಂಟ್ ತೆಗೆದು ಪ್ಲೇಟಿನ ಮೇಲೆ ಟೇಪ್ ಹಾಕಿ ಅಂಟಿಸಿದ್ದು, ಒಂದು ಮೂಲೆ ಗಾಳಿಗೆ ಎದ್ದಿದೆ, ಅಡಿಯಲ್ಲಿ ಬೇರೆ ಯಾರದ್ದೋ ನಂಬರಿನ ಒಂದು ಅಂಕಿ ಇಣುಕ್ತಾ ಉಂಟು. "ಇದ್ ನಿಙ್ಙಳ್ಡೆ ವಂಡಿ ಅಲ್ಲಲ್ಲೋ ಮಾಷೇ" (ಇದು ನಿಮ್ಮ ಗಾಡಿ ಅಲ್ವಲ್ಲ) ಅಂದ್ರು, ಮೆಲ್ಲಗೆ. ಹಿಂದೆ ಲೈನಲ್ಲಿ ನಿಂತವರಿಗೆ ಕೇಳಬಾರ್ದು ಅಂತ ಮೆಲ್ಲಗೆ ಹೇಳಿದ್ದು, ಆದ್ರೆ ಕೇಳಿತು. ಲೈನಲ್ಲಿ ನನ್ನ ಒಬ್ಬ ಹಳೇ ಸ್ಟೂಡೆಂಟ್ ಇದ್ದ. ಅವ ಆಕಾಶ ನೋಡಿದ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅಂತ ಆಯ್ತು.

ಅಷ್ಟೇ ಅಲ್ಲ, ಟ್ಯಾಕ್ಸ್ ಕಟ್ಟಿರ್ಲಿಲ್ಲ. 5000 ಫೀಸ್ ಕಟ್ಟಿದ್ದಾನೆ, ಅದೂ ಎರಡು ದಿನದ ಹಿಂದೆ, ಅವಧಿ ಮುಗಿದ ಮೇಲೆ. ಆರ್‌ಸಿ ಮುಗಿದ ಗಾಡಿ ರೋಡಿಗೆ ಇಳಿಸಿದ್ದಕ್ಕೇ ಇನ್ಸ್‌ಪೆಕ್ಟರ್ ದಂಡ ಹಾಕಬಹುದಿತ್ತು, ಹಾಕ್ಲಿಲ್ಲ. ಟ್ಯಾಕ್ಸ್ ಕಟ್ಟಿ, ನಿಜವಾದ ಹೊಗೆ ಟೆಸ್ಟ್ ಮಾಡ್ಸಿ ಬನ್ನಿ ಅಂತ ಕಳಿಸಿದ್ರು. ದಾರಿಯಲ್ಲಿ ಇನ್ಶೂರೆನ್ಸ್ ನೆನಪಾಯ್ತು, ಎಲ್ಲಾದ್ರೂ ಹೆಚ್ಚುಕಮ್ಮಿ ಆದ್ರೆ ಕ್ಲೇಮಿನವ ಮೊದಲು ಕೇಳುವುದೇ ಆರ್‌ಸಿ. ಮನೆಯವರೆಗೆ ಮೂವತ್ತರ ಮೇಲೆ ಸ್ಪೀಡ್ ಹೋಗ್ಲಿಲ್ಲ.

ಮನೆಗೆ ಬಂದು ಅವನಿಗೆ ಫೋನ್. ಕೇಳಿ ಅವನ ಉತ್ತರ.

"ಫೋಟೋದಲ್ಲಿ ಎಂತ ಉಂಟು ಮಾಷೇ, ನಂಬರ್ ನಿಮ್ಮದೇ ಅಲ್ವಾ."

ನಂಬರ್ ನಂದೇ, ಕಾರು ಯಾರದ್ದು ಮಾರಾಯ?

"ಎಲ್ಲಾರಿಗೂ ಹೀಗೇ ಮಾಡುವುದು. ನಿಮಗೆ ಒಬ್ಬರಿಗೇ ಆ ಸಾರ್ ಸಿಕ್ಕಿದ್ದು ನಿಮ್ಮ ಬ್ಯಾಡ್ ಲಕ್."

ನನ್ನ ಬ್ಯಾಡ್ ಲಕ್ಕಂತೆ! ಟ್ಯಾಕ್ಸಿನ ದುಡ್ಡು ಎಲ್ಲಿ ಅಂದ್ರೆ ನಾಳೆ ಕಟ್ಟುವುದು, ಈಗ ಲೇಟ್ ಆದ್ರಿಂದ ಇನ್ನೊಂದು 3000 ಹಾಕಿ, ದಂಡ ಬಂದಿದೆ. ಲೇಟ್ ಮಾಡಿದ್ದು ಯಾರು ಅಂದ್ರೆ ಫೋನ್ ಕಟ್.

ಆ ರಾತ್ರಿ ಅಕ್ಕನ ಮಗಳು ಬಂದಿದ್ಲು, ಅವಳು ಕಲಿತದ್ದು ಮಲಯಾಳದಲ್ಲಿ. ಆ ಚೀಟಿ ಕೊಟ್ಟೆ, ಓದು ಅಂತ. ಓದಿದ್ಲು. ಫೀಸ್ 5000. ಟ್ಯಾಕ್ಸ್ 9600. ಪುಕ ಮತ್ತೆ ಟ್ಯೂನಿಂಗ್ 1800. ಆಫೀಸ್ ಚೆಲವ್, ಅಂದ್ರೆ ಆಫೀಸಿನ ಖರ್ಚು, 2600. ಮತ್ತೆ ಒಂದು ಕಡೆ ನಿಂತ್ಲು. "ಮಾವ, ಇಲ್ಲಿ ಪಿಳ 2500 ಅಂತ ಉಂಟು." ಪಿಳ ಅಂದ್ರೆ ದಂಡ. ಜುಲೈಯಲ್ಲಿ ಬರೆದ ಚೀಟಿ! ಅವಧಿ ಮುಗೀಲಿಕ್ಕೆ ಇನ್ನೂ ಒಂದೂವರೆ ತಿಂಗಳು ಇರುವಾಗಲೇ ದಂಡ ಬರೆದು ಇಟ್ಟಿದ್ದಾನೆ. ಅಂದ್ರೆ ತಡ ಆದದ್ದಲ್ಲ, ತಡ ಮಾಡುವುದು ಅಂತ ಮೊದಲೇ ಲೆಕ್ಕ ಹಾಕಿದ್ದು. ನಿಜವಾಗಿ ತಡದ ಫೀಸ್ ಕಾರಿಗೆ ತಿಂಗಳಿಗೆ 500. ಆ ಚೀಟಿ ಎರಡು ತಿಂಗಳು ನನ್ನ ಕಿಸೆಯಲ್ಲೇ ಇತ್ತು ಮಾರಾಯ್ರೆ, ಕಿಸೆಯಲ್ಲೇ. ಮತ್ತೆ ಆ "ಆಫೀಸ್ ಚೆಲವ್" ಉಂಟಲ್ಲ, ನಾನು ಆಮೇಲೆ ಮೂರು ಸಲ ಆಫೀಸಿಗೆ ಹೋದೆ, ಅಲ್ಲಿ ಯಾರೂ ನನ್ನ ಹತ್ರ ಒಂದು ಪೈಸೆ ಕೇಳ್ಲಿಲ್ಲ.

ಇನ್ನು ನಾನೇ ಮಾಡ್ತೇನೆ ಅಂತ ಹೊರಟೆ. ಮಂಗಳೂರಲ್ಲಿರುವ ಅಳಿಯ ಫೋನಲ್ಲಿ ಹೇಳ್ತಾ ಹೋದ, ನಾನು ಸರಕಾರದ ಪರಿವಾಹನ್ ಸೈಟಲ್ಲಿ ಒತ್ತುತ್ತಾ ಹೋದೆ. ಗಾಡಿ ನಂಬರ್ ಹಾಕಿದೆ, ಚಾಸಿಯ ಕೊನೇ ಐದು ಅಂಕಿ ಹಾಕಿದೆ, ಒಟಿಪಿ ಕಳಿಸಿದ್ದೇವೆ ಅಂತ ಬಂತು. ಕಾದೆ. ಬರ್ಲಿಲ್ಲ. ಇನ್ನೊಮ್ಮೆ ಒತ್ತಿದೆ, ಬರ್ಲಿಲ್ಲ. ರೇಂಜ್ ಇಲ್ಲವೋ ಅಂತ ಅಂಗಳಕ್ಕೆ ಹೋಗಿ ಮಳೆಯಲ್ಲಿ ನಿಂತೆ. ಅಳಿಯ "ಮಾವ, ಯಾವ ನಂಬರಿಗೆ ಅಂತ ಅಲ್ಲೇ ಕಾಣ್ತದೆ ನೋಡಿ" ಅಂದ. ಮುಂದಿನದೆಲ್ಲ ಕಾಟು ಗುರುತು, ಕೊನೆಗೆ ಎರಡು ಒಂಬತ್ತು. ನನ್ನ ನಂಬರು ಸೊನ್ನೆಯಲ್ಲಿ ಮುಗಿಯುವುದು. ಎರಡು ಒಂಬತ್ತು ಎಲ್ಲೋ ನೋಡಿದ ಹಾಗೆ ಉಂಟಲ್ಲ ಅಂತ ವಾಟ್ಸಪ್ ತೆಗೆದ್ರೆ, ಏಜೆಂಟಿನ ನಂಬರ್!

ಅದೇ ಆ ದಿನದ ಒಟಿಪಿ. ನನ್ನ ಕಾರಿಗೆ ಅವನ ಮೊಬೈಲ್ ನಂಬರ್ ಸೇರಿಸ್ಲಿಕ್ಕೆ ನಾನೇ ಬಾಯಾರೆ ಹೇಳಿ ಕೊಟ್ಟದ್ದು. ಇನ್ನು ನಾನು ಎಂತ ಮಾಡಬೇಕಾದ್ರೂ ಅವನ ಕಾಲಿಗೇ ಬೀಳ್ಬೇಕು. ಇದನ್ನು ಕೇಳಿದ್ದಕ್ಕೆ ಒಂದು ವಾಯ್ಸ್ ಮೆಸೇಜ್ ಹಾಕಿದ: "ಮಾಷೇ, ನಿಮಗೇ ಉಪದ್ರ ಬೇಡ ಅಂತ ನನ್ನ ನಂಬರ್ ಹಾಕಿದ್ದು. ರಾತ್ರಿ ಎಲ್ಲ ಒಟಿಪಿ ಬಂದ್ರೆ ನಿಮ್ಮ ನಿದ್ದೆ ಹಾಳಲ್ವಾ." ಇದನ್ನು ನಾನು ಹತ್ತು ಸಲ ಕೇಳಿದ್ದೇನೆ. ನನ್ನ ನಿದ್ದೆಯ ಮೇಲೆ ಎಷ್ಟು ಕಾಳಜಿ!

ಮತ್ತೆ ಆದದ್ದು ಬೇಗ ಹೇಳ್ತೇನೆ. ಅಕ್ಷಯ ಕೇಂದ್ರಕ್ಕೆ (ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಕಡೆ) ಹೋಗಿ ಆಧಾರ್ ಮೂಲಕ ನನ್ನ ನಂಬರ್ ವಾಪಸ್ ಹಾಕ್ಸಿದೆ. ಟ್ಯಾಕ್ಸ್ ನಾನೇ ಕಟ್ಟಿದೆ. ಅದು ಕೇರಳದಲ್ಲಿ 2025 ಏಪ್ರಿಲಿಂದ ಅರ್ಧಕ್ಕರ್ಧ ಏರಿದೆ ಮಾರಾಯ್ರೆ, 750 ಕಿಲೋ ಒಳಗಿನ ಕಾರಿಗೆ 6400 ಇದ್ದದ್ದು 9600, ಅದೊಂದು ಅವ ಸುಳ್ಳು ಹೇಳಿರ್ಲಿಲ್ಲ. ಕಾರನ್ನು ನಮ್ಮೂರ ಮೆಕ್ಯಾನಿಕ್ ಹತ್ರ ತಗೊಂಡು ಹೋದೆ. ಅವ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಒಂದು ಮುಷ್ಟಿ ಅಡಿಕೆ ಸಿಪ್ಪೆಯ ನಾರು ಹೊರಗೆ ಎಳ್ದ, ಇಲಿ ಗೂಡು ಕಟ್ಟಿತ್ತು. ಗಾಳಿ ಇಲ್ಲದೆ ಪೆಟ್ರೋಲ್ ಉರಿಯುವುದು ಹೇಗೆ ಮಾಷೇ ಅಂದ. 1800 ಕೊಟ್ಟು ಮಾಡ್ಸಿದ "ಟ್ಯೂನಿಂಗಲ್ಲಿ" ಬಾನೆಟ್ಟೇ ಎತ್ತಿರ್ಲಿಕ್ಕಿಲ್ಲ. ಹೊಸ ಫಿಲ್ಟರು, ಪ್ಲಗ್ಗು, ಕೂಲಿ ಎಲ್ಲ ಸೇರಿ 1150. ಟೆಸ್ಟಿಗೆ ಹೋಗುವ ಮೊದಲು ಹತ್ತು ಕಿಲೋಮೀಟರಾದ್ರೂ ಓಡ್ಸಿ ಅಂತ ಅವನೇ ಹೇಳಿದ್ದು, ಸೈಲೆನ್ಸರಿನ ಕನ್ವರ್ಟರ್ ಬಿಸಿ ಆಗದಿದ್ರೆ ಕೆಲಸ ಮಾಡುವುದಿಲ್ಲವಂತೆ, ಜುಲೈಯಲ್ಲಿ ನಾನು ಎರಡು ಕಿಲೋಮೀಟರ್ ತಣ್ಣಗಿನ ಇಂಜಿನಲ್ಲಿ ಹೋಗಿದ್ದು. ನೀರ್ಚಾಲಿನವರೆಗೆ ಸುಮ್ಮನೆ ಹೋಗಿ ಬಂದೆ. ರೀಡಿಂಗ್ 0.31. ಪಾಸು. ನಿಜವಾದ ಪಾಸು, ಹಲಸಿನ ಮರದ ಪೆಟ್ಟಿನ ಸಮೇತ ಫೋಟೋ. ದೀಪಾವಳಿ ಕಳೆದ ವಾರ ರಿನ್ಯೂವಲ್ ಆಯ್ತು.

ದುಡ್ಡು? ಆ 5000 ಸರಕಾರಕ್ಕೆ ಕಟ್ಟಿದ್ದು ಬಿಟ್ರೆ 16,500 ವಾಪಸ್ ಬರ್ಬೇಕು. 8000 ಹಾಕಿದ್ದಾನೆ, ಅದೂ ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ ಅಂದ ಮೇಲೆ. ಬಾಕಿದಕ್ಕೆ ಎಂತ ಹೇಳ್ತಾನೆ ಅಂತ ನಿಮಗೇ ಗೊತ್ತಾಗಿರ್ಬಹುದು.

ಏಜೆಂಟ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ, ಎಲ್ಲರಿಗೂ ಪುರ್ಸೊತ್ತು ಇರುವುದಿಲ್ಲ. ಆದ್ರೆ ಒಟಿಪಿ ಹೇಳುವ ಮೊದಲು ಆ ಮೆಸೇಜನ್ನು ಪೂರ್ತಿ ಓದಿ, ಎಂತದಕ್ಕೆ ಅಂತ ಅದರಲ್ಲೇ ಉಂಟು. ಹೊಗೆ ಸರ್ಟಿಫಿಕೇಟ್ ಕೈಗೆ ಬಂದ್ರೆ ನಂಬರ್ ನೋಡ್ಬೇಡಿ, ಫೋಟೋ ನೋಡಿ, ನಿಮ್ಮ ಕಾರಿನ ಪೆಟ್ಟು ನಿಮಗೇ ಗೊತ್ತು. ಟ್ಯಾಕ್ಸ್ ಕಟ್ಟಿದ ರಸೀದಿ ಅದೇ ದಿನ ಕೇಳಿ. ಲೆಕ್ಕದ ಚೀಟಿ ಓದ್ಲಿಕ್ಕೆ ಬರುವುದಿಲ್ಲ ಅಂತಾದ್ರೆ ನಾಚಿಕೆ ಬಿಟ್ಟು ಪಕ್ಕದವರ ಹತ್ರ ಓದ್ಸಿ, ನಾನು ಅಲ್ಲೇ ಕೆಟ್ಟದ್ದು.

ನಿನ್ನೆ ಮತ್ತೆ ಅವನ ಮೆಸೇಜ್ ಬಂದಿದೆ. "ಮಾಷೇ, ಟೀಚರ್ ಅವರ ಸ್ಕೂಟಿಗೂ ಹದಿನೈದು ವರ್ಷ ಆಗ್ತಾ ಬಂತಲ್ಲ, ಮಾಡಿಕೊಡ್ಲಾ?" ಹೆಂಡತಿಯ ಸ್ಕೂಟರಿನ ತಾರೀಕು ಇವನಿಗೆ ಹೇಗೆ ಗೊತ್ತು ಅಂತ ಯೋಚನೆ ಮಾಡಿದೆ. ಹೋದ ವರ್ಷ ಅವಳ ಹೆಲ್ಮೆಟ್ ದಂಡ ಕಟ್ಟಿಸ್ಲಿಕ್ಕೆ ಅಂತ ಯಾರದ್ದೋ ಕೈಯಲ್ಲಿ ಆರ್‌ಸಿ ಕೊಟ್ಟು ಕಳಿಸಿದ್ದು ನೆನಪಾಯ್ತು. ಸೈಟಲ್ಲಿ ಸ್ಕೂಟರಿನ ನಂಬರ್ ಹಾಕಿ ನೋಡಿದೆ. ಒಟಿಪಿ ಹೋದದ್ದು ಎರಡು ಒಂಬತ್ತಿಗೆ. ನಾಳೆ ಬೆಳಿಗ್ಗೆ ಮತ್ತೆ ಅಕ್ಷಯ ಕೇಂದ್ರಕ್ಕೆ ಹೋಗ್ಲಿಕ್ಕುಂಟು.