ಮಾತಾಡ್ತಾನೇ ಚೈನೀಸ್ ಕಲಿಸೋ ಒನ್ ಟು ಒನ್ ಆನ್‌ಲೈನ್ ಕ್ಲಾಸ್, ಎರಡು ವರ್ಷಕ್ಕೂ ಮೇಲೆ ಬಳಸಿ ಬರೀತಿರೋದು

ಕೋಲಾರದವನು, ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೇಂಟೆನೆನ್ಸ್ ಕೆಲ್ಸ. ಮೆಷಿನ್ ಇನ್‌ಸ್ಟಾಲ್ ಮಾಡೋಕೆ, ಸರ್ವೀಸ್‌ಗೆ ಅಂತ ತೈವಾನ್ ಕಡೆಯಿಂದ ಇಂಜಿನಿಯರ್‌ಗಳು ಬರ್ತಾರೆ, ಅವ್ರ ಜೊತೆ ನೇರ ಮಾತಾಡ್ಬೇಕು ಅನ್ನೋದೇ ನಂಗಿದ್ದ ಕಾರಣ, ಅಕ್ಷರ ಬರಿಯೋದು ಪರೀಕ್ಷೆ ಪಾಸಾಗೋದು ಅಲ್ಲ. ಇಂಥ ಕ್ಲಾಸ್ ಕೊಡೋ ಸೈಟ್‌ಗಳು ಸುಮಾರಿವೆ, ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ ತರ, ಪ್ಯಾಕ್ ತಗೊಂಡು ಸ್ಲಾಟ್ ಬುಕ್ ಮಾಡಿ ಟೀಚರ್ ಜೊತೆ ವಿಡಿಯೋದಲ್ಲಿ ಅರ್ಧ ಗಂಟೆ ಮಾತಾಡೋದು. ಅದಕ್ಕೆ ಸೈಟ್ ಹೆಸರಿಗಿಂತ ಈ ಪದ್ಧತಿ ಹೇಗೆ ಕೆಲ್ಸ ಮಾಡುತ್ತೆ ಅಂತ ಬರೀತೀನಿ.

ಮೊದ್ಲು ಟೋನ್ ವಿಷ್ಯ, ಯಾಕಂದ್ರೆ ದುಡ್ಡು ವಸೂಲಾಗೋದೇ ಅಲ್ಲಿ. ಟೋನ್ ಅಂದ್ರೆ ದನಿಯ ಏರಿಳಿತ, ಅದು ಬದಲಾದ್ರೆ ಪದದ ಅರ್ಥನೇ ಬದಲಾಗುತ್ತೆ. ಮ್ಯಾಂಡರಿನ್‌ನಲ್ಲಿ, ಅಂದ್ರೆ ಈ ಕ್ಲಾಸಲ್ಲಿ ಕಲಿಸೋ ಚೈನೀಸಲ್ಲಿ, ನಾಲ್ಕು ಟೋನ್, ಜೊತೆಗೆ ಒತ್ತಿಲ್ಲದ ಒಂದು. ಎರಡನೇದು ನಾವು ಆಶ್ಚರ್ಯದಲ್ಲಿ "ಹೌದಾ?" ಅಂದಾಗ ದನಿ ಮೇಲಕ್ಕೆ ಹೋಗುತ್ತಲ್ಲ ಹಾಗೆ, ನಾಲ್ಕನೇದು ಗದರಿಸಿ "ಬಾ!" ಅಂದ ಹಾಗೆ ದಪ್ಪಂತ ಕೆಳಗೆ ಬೀಳುತ್ತೆ. ವಿಡಿಯೋ ನೋಡಿ ಇದನ್ನ ಯಾರು ಬೇಕಾದ್ರೂ ಒಂದು ಸಂಜೇಲಿ ಅರ್ಥ ಮಾಡ್ಕೋಬಹುದು, ಆದ್ರೆ ವಾಕ್ಯದ ಒಳಗೆ ಬಂದಾಗ ಕಥೆನೇ ಬೇರೆ. ಮೂರನೇ ಟೋನ್ ಎರಡು ಪಕ್ಕಪಕ್ಕ ಬಂದ್ರೆ ಮೊದಲನೇದು ಎರಡನೇ ಟೋನ್ ಆಗುತ್ತೆ, "ನೀ ಹಾವ್" ಅಂತ ದಿನಾ ಹೇಳೋ ನಮಸ್ಕಾರದಲ್ಲೇ ಇದಿದೆ. ಇಲ್ಲ ಅನ್ನೋಕೆ ಹೇಳೋ "ಪು" ಮಾಮೂಲಿ ನಾಲ್ಕನೇ ಟೋನು, ಮುಂದೆ ಇನ್ನೊಂದು ನಾಲ್ಕನೇ ಟೋನ್ ಬಂತಂದ್ರೆ ಅದೂ ಮೇಲಕ್ಕೆ ಏಳುತ್ತೆ. ಈ ರೂಲ್ ನೆನಪು ಮಾಡ್ಕೊಂಡು ಮಾತಾಡೋಕಾಗಲ್ಲ, ಟೀಚರ್ ಅಲ್ಲೇ ತಡೆದು ಇಡೀ ವಾಕ್ಯ ಮತ್ತೆ ಹೇಳಿಸ್ಬೇಕು, ಹೇಳಿಸಿ ಹೇಳಿಸಿ ಬಾಯಿಗೆ ಅಭ್ಯಾಸ ಆಗ್ಬೇಕು. ನಾಲ್ಕು ಅಂದ್ರೆ "ಸ್ಸ" ಕೆಳಕ್ಕೆ, ಹತ್ತು ಅಂದ್ರೆ "ಷ್ಷ" ಮೇಲಕ್ಕೆ. ಫ್ಲೋರಲ್ಲಿ ಮೆಷಿನ್ ಸದ್ದಿನ ಮಧ್ಯೆ ನಿಂತು ನಾಲ್ಕು ಬೋಲ್ಟೋ ಹತ್ತು ಬೋಲ್ಟೋ ಅಂತ ಕೇಳ್ಬೇಕಾದಾಗ ಇದ್ರ ಬೆಲೆ ಗೊತ್ತಾಗುತ್ತೆ.

ಕನ್ನಡದವ್ರಿಗೆ ಒಂದು ದೊಡ್ಡ ಅನುಕೂಲ ಇದೆ, ಇದನ್ನ ಯಾರೂ ಹೇಳಲ್ಲ. ಪಿನ್‌ಯಿನ್ ಅಂತ ರೋಮನ್ ಅಕ್ಷರದಲ್ಲಿ ಬರಿಯೋ ಪದ್ಧತಿ, ಚೀನಾದಲ್ಲಿ 1958ರಲ್ಲಿ ಒಪ್ಕೊಂಡಿದ್ದು, ಅದನ್ನ ಇಂಗ್ಲಿಷ್ ತರ ಓದಿದ್ರೆ ಉಚ್ಚಾರಣೆ ಪೂರ್ತಿ ಕೆಡುತ್ತೆ. ಅದ್ರಲ್ಲಿ ಡಿ ಅಂತ ಬರೆದಿರೋದು ನಮ್ಮ ತ, ಟಿ ಅಂತ ಬರೆದಿರೋದು ಥ, ಬಿ ಅಂದ್ರೆ ಪ, ಪಿ ಅಂದ್ರೆ ಉಸಿರು ಸೇರಿದ ಪ. ಅಲ್ಪಪ್ರಾಣ ಮಹಾಪ್ರಾಣ ಅಷ್ಟೇ! ನಾನು ನೋಟ್‌ಬುಕ್ಕಲ್ಲಿ ಎಲ್ಲಾ ಕನ್ನಡದಲ್ಲೇ ಬರ್ಕೊಂಡೆ, ಮೆಷಿನ್ ನಿಂತೋಯ್ತು ಅನ್ನೋಕೆ "ಚೀ ಛಿ ಥಿಂಗ್ ಲ" ಅಂತ, ಅದನ್ನ ನೋಡಿ ಓದಿದ್ರೆ ಟೀಚರ್‌ಗೆ ಸಲೀಸಾಗಿ ಅರ್ಥ ಆಗ್ತಿತ್ತು. ನಮ್ಮ ಕಡೆ ಮಾತಲ್ಲಿ ಮಹಾಪ್ರಾಣ ಅಷ್ಟಾಗಿ ಒತ್ತಲ್ಲ ನೋಡಿ, ಬಾಯಿ ಮುಂದೆ ಅಂಗೈ ಇಟ್ಕೊಂಡು ಉಸಿರು ತಗುಲುತ್ತಾ ಅಂತ ನೋಡ್ತಾ ಪ್ರಾಕ್ಟೀಸ್ ಮಾಡಿ. ಕಷ್ಟ ಆಗೋದು ಒಂದೇ ಸ್ವರ, ನಾಲಿಗೆ "ಈ" ಅನ್ನೋ ಹಾಗಿಟ್ಟು ತುಟಿ ಮಾತ್ರ "ಊ" ತರ ಮಾಡೋದು.

ಗ್ರಾಮರ್ ಹಗುರ, ಕ್ರಿಯಾಪದ ಕಾಲಕ್ಕೂ ಬದಲಾಗಲ್ಲ ಲಿಂಗಕ್ಕೂ ಬದಲಾಗಲ್ಲ. ಕೊನೇಲಿ "ಮಾ" ಸೇರಿಸಿದ್ರೆ ಪ್ರಶ್ನೆ, ನಾವು "ಬಂದ್ರು" ಅನ್ನೋದನ್ನ "ಬಂದ್ರಾ" ಮಾಡ್ತೀವಲ್ಲ ಹಂಗೆ. ಎಣಿಕೆ ಮಾತ್ರ ಗಮನ ಇಡಿ, ಅವ್ರು ಹತ್ತು ಸಾವಿರಕ್ಕೆ "ವಾನ್" ಅಂತಾರೆ, ನಮ್ಮ 1 ಲಕ್ಷ ಅವ್ರಿಗೆ 10 ವಾನ್.

ಈಗ ಬೇಜಾರಿನ ವಿಷ್ಯ. ನಾನು ತಗೊಂಡ ಸೈಟಲ್ಲಿ ಟೀಚರ್ ಹೇಳದೆ ಕೇಳದೆ ಬದಲಾದ್ರು, ಹೊಸಬ್ರು ಪಾಪ ಒಳ್ಳೆಯವ್ರೇ ಆದ್ರೆ ಏನಂದ್ರೂ ವೆರಿ ಗುಡ್ ಅನ್ನೋರು, ತಿದ್ದದೇ ಇರೋ ಟೀಚರ್‌ಗೆ ದುಡ್ಡು ಕೊಡೋದು ದಂಡ. ಟ್ರಯಲ್ ಕ್ಲಾಸಲ್ಲೇ ಬಾಯಿಬಿಟ್ಟು ಹೇಳ್ಬಿಡಿ, ಟೋನ್ ತಪ್ಪಿದ್ರೆ ತಡೀರಿ, ಇಂಗ್ಲಿಷ್ ಬೇಡ ಅಂತ. ಇನ್ನೊಂದು, ಸುಮಾರು ಟೀಚರ್‌ಗಳು ಹೋಮ್‌ವರ್ಕ್ ವೀಚಾಟ್ ಅನ್ನೋ ಚೀನಾದ ಮೆಸೇಜ್ ಆ್ಯಪಲ್ಲಿ ಕಳಿಸ್ತೀವಿ ಅಂತಾರೆ, ನಮ್ಮಲ್ಲಿ 2020ರ ಜೂನ್‌ನಲ್ಲೇ ಅದು ಬ್ಯಾನ್ ಆಗಿದೆ, ಬೇರೆ ದಾರಿ ಇದೆಯಾ ಅಂತ ದುಡ್ಡು ಕಟ್ಟೋಕೆ ಮುಂಚೆನೇ ಕೇಳಿ. ಚೀನಾ, ತೈವಾನ್‌ನಲ್ಲಿ ಟೈಮ್ ನಮಗಿಂತ ಎರಡೂವರೆ ಗಂಟೆ ಮುಂದೆ, ರಾತ್ರಿ ಊಟ ಆದ್ಮೇಲೆ ಕ್ಲಾಸ್ ಅಂದ್ಕೊಂಡ್ರೆ ಟೀಚರ್ ಸಿಗೋದು ಕಷ್ಟ, ಬೆಳಿಗ್ಗೆ 6ಕ್ಕೆ ಕೂತ್ರೆ ಅಲ್ಲಿ ಎಂಟೂವರೆ.

ಕ್ಲಾಸ್ ಜೊತೆಗೆ ಪ್ಲೇಕೋ ಡಿಕ್ಷನರಿ ಇಟ್ಕೊಳ್ಳಿ, ಫ್ರೀಯಾಗೇ ಸಿಗುತ್ತೆ, ನೆಟ್ ಇಲ್ದೇನೂ ನಡೆಯುತ್ತೆ. ತೈವಾನ್‌ನವ್ರ ಜೊತೆ ಒಡನಾಟ ಇರೋರಿಗೆ ಇನ್ನೊಂದು ಮಾತು, ಅಲ್ಲಿ ಚೀನಾದ ತರ ಸರಳ ಮಾಡಿದ ಅಕ್ಷರ ಅಲ್ಲ, ಹಳೇ ಪೂರ್ತಿ ಅಕ್ಷರಗಳೇ ನಡೆಯೋದು, ಕೆಲವು ಮಾತೂ ಬೇರೆ, ಹಾಗಾಗಿ ಟೀಚರ್ ಯಾವ ಕಡೆಯವ್ರು ಅಂತ ನೋಡಿ ಆರಿಸ್ಕೊಳ್ಳಿ.

ಹೆಚ್‌ಎಸ್‌ಕೆ ಅನ್ನೋ ಚೈನೀಸ್ ಭಾಷಾ ಪರೀಕ್ಷೆಯ ಸರ್ಟಿಫಿಕೇಟ್ ಬೇಕು ಅನ್ನೋರಿಗೆ ಇದೊಂದೇ ಸಾಲಲ್ಲ, ಅದ್ರಲ್ಲಿ ಓದೋದು ಕೇಳೋದು ಇರುತ್ತೆ, ಮಾತಿನ ಪರೀಕ್ಷೆ ಹೆಚ್‌ಎಸ್‌ಕೆಕೆ ಅಂತ ಬೇರೆನೇ. ಅಕ್ಷರ ಕೂತು ಕಲೀಲೇಬೇಕು. ಮಾತಾಡೋಕೆ ಮಾತ್ರ ಅಂದ್ರೆ ಧೈರ್ಯವಾಗಿ ತಗೊಳ್ಳಿ, ಆದ್ರೆ ವರ್ಷದ ಪ್ಯಾಕ್ ಬೇಡ, ಚಿಕ್ಕ ಪ್ಯಾಕಿಂದ ಶುರು ಮಾಡಿ, ಟೀಚರ್ ತಿದ್ತಾರೆ ಅಂತ ಖಾತ್ರಿ ಆದ್ಮೇಲೆ ದೊಡ್ಡದು ಹಾಕಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಆ ಒಂದು ಕಟ್ ಮಾಡಿದ್ದು ಟೀಚರ್ ಬದಲಾಯಿಸಿದ್ದಕ್ಕೆ.