ಏರಿಯ ಕೆಳಗಿನ ದಾರಿ, ಕಾಡಿನ ಚಡಾವು: ಎರಡು ಕೆರೆಸೀಮೆಗಳಲ್ಲಿ ಸೈಕಲ್ ತುಳಿದು ನೋಡಿದ್ದು

ಪ್ಯಾರಿಸ್‌ನಲ್ಲಿ ರೈಲಿಗೆ ಸೈಕಲ್ ಏರಿಸಿ, ಮಧ್ಯಾಹ್ನದೊಳಗೆ ಕಾಡು, ಕೆರೆ, ಹಳ್ಳಿ ಮೂರೂ ಸಿಗಬೇಕು ಅಂದರೆ ನನ್ನ ಲೆಕ್ಕದಲ್ಲಿ ಎರಡು ಕಡೆ ಹೋಗಬಹುದು. ಒಂದು, ಪೂರ್ವಕ್ಕೆ ತ್ರುವಾ ಊರಿನ ಆಚೆಗಿನ ಫೊರೆ ದೋರಿಯಾಂ ಎಂಬ ಕಾಡು. ಇನ್ನೊಂದು, ಆಗ್ನೇಯಕ್ಕೆ ಬರ್ಗಂಡಿಯ ನಡುವೆ ಎದ್ದು ನಿಂತ ಮೊರ್ವಾನ್ ಗುಡ್ಡಸೀಮೆ. ಮೊದಲನೆಯದಕ್ಕೆ ಮೇ ತಿಂಗಳಲ್ಲಿ ಹೋದೆವು, ಎರಡನೆಯದಕ್ಕೆ ಸೆಪ್ಟೆಂಬರ್‌ನಲ್ಲಿ. ನಾವು ಅಂದರೆ ನಾನು ಮತ್ತು ನಮ್ಮೆಜಮಾನರು. ನನ್ನದು ಹಳೇ ಗೇರ್ ಸೈಕಲ್, ಹಿಂದೆ ಎರಡು ಚೀಲ. ಅವರದು ಬಾಡಿಗೆಗೆ ತಂದ ಬ್ಯಾಟರಿ ಸೈಕಲ್. ಹಾಗಾಗಿ ಇದು ಎರಡು ಸೀಮೆಗಳ ಹೋಲಿಕೆ ಎಷ್ಟೋ, ಎರಡು ಸೈಕಲ್‌ಗಳ ಹೋಲಿಕೆಯೂ ಅಷ್ಟೇ.

ಮೊದಲೇ ಒಂದು ಮಾತು. ಎರಡೂ ಕಡೆ ನಾವು ಸುತ್ತಿದ ದೊಡ್ಡ ಕೆರೆಗಳಲ್ಲಿ ಒಂದೂ ತಾನಾಗಿ ಆದದ್ದಲ್ಲ. 1910ರ ಜನವರಿಯಲ್ಲಿ ಸೇನ್ ನದಿ ಉಕ್ಕಿ ಪ್ಯಾರಿಸ್ ಮುಳುಗಿದ ಮೇಲೆ, ನೀರನ್ನು ಮೇಲೆಯೇ ತಡೆಯಬೇಕು, ಬೇಸಿಗೆಯಲ್ಲಿ ನದಿ ಸೊರಗಿದಾಗ ಬಿಡಬೇಕು ಎಂಬ ಯೋಚನೆ ಬಲವಾಯಿತು. ಮೊರ್ವಾನಿನ ಪಾನ್‌ಸಿಯೇರ್ ಅಣೆಕಟ್ಟು 1949ರಲ್ಲಿ ಮುಗಿಯಿತು. ದೋರಿಯಾಂ ಕೆರೆ 1966ರದು. ಅದರ ಪಕ್ಕದ ತಾಂಪ್ಲ್ ಮತ್ತು ಅಮಾನ್ಸ್ ಕೆರೆಗಳು 1990ರ ಹೊತ್ತಿಗೆ ತುಂಬಿದವು. ಚಳಿಗಾಲದಿಂದ ತುಂಬುತ್ತಾ ಬಂದು ಜೂನ್ ಹೊತ್ತಿಗೆ ಕಂಠಪೂರ್ತಿ, ಆಮೇಲೆ ಶರತ್ಕಾಲದವರೆಗೂ ಇಳಿಕೆ. ಆದ್ದರಿಂದ ನನ್ನ ಹೋಲಿಕೆಯಲ್ಲಿ ಸ್ವಲ್ಪ ಅನ್ಯಾಯವೂ ಇದೆ. ದೋರಿಯಾಂ ಅನ್ನು ತುಂಬಿದಾಗ ನೋಡಿದೆ, ಪಾನ್‌ಸಿಯೇರ್ ಅನ್ನು ಬರಿದಾಗುವಾಗ.

ಸುಲಭದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ತ್ರುವಾಗೆ ಪ್ಯಾರಿಸ್ಸಿನ ಪೂರ್ವ ನಿಲ್ದಾಣದಿಂದ ಒಂದೂವರೆ ಗಂಟೆ. ಊರಂಚಿನಿಂದ ದಿಯಾಂವಿಲ್ ಎಂಬ ಹಳ್ಳಿಯವರೆಗೆ 42 ಕಿಲೋಮೀಟರ್ ಸೈಕಲ್ ದಾರಿ ಇದೆ. ಡಾಂಬರು ಹಾಕಿದ್ದು, ಚಪ್ಪಟೆ. ಗೇರ್ ಬದಲಿಸಿದ ನೆನಪೇ ಇಲ್ಲ. ಯಜಮಾನರು ಮೋಟಾರು ಹಾಕಿದ್ದು ಎದುರುಗಾಳಿ ಬಂದಾಗ ಮಾತ್ರ. ಬಾಡಿಗೆ ದುಡ್ಡು ದಂಡವಾಯಿತೆಂದು ಎರಡು ದಿನ ಗೊಣಗಿದರು. ಮಕ್ಕಳನ್ನು ಹಿಂದಿನ ಗಾಡಿಯಲ್ಲಿ ಕೂರಿಸಿಕೊಂಡು ಬರುವವರು, ಎಪ್ಪತ್ತು ದಾಟಿದ ಜೋಡಿಗಳು, ಎಲ್ಲರೂ ಅಲ್ಲಿ ಆರಾಮಾಗಿ ಸಾಗುತ್ತಿದ್ದರು.

ತೊಂದರೆ ಇದ್ದದ್ದು ನೋಟದಲ್ಲಿ. ದೋರಿಯಾಂ ಕೆರೆ 2,300 ಹೆಕ್ಟೇರ್ ಆಸುಪಾಸು, ಸಮುದ್ರವೇ ಅನ್ನಿಸುವಷ್ಟು ದೊಡ್ಡದು. ಆದರೆ ಮಟ್ಟಸ ನೆಲದಲ್ಲಿ ನೀರು ನಿಲ್ಲಿಸಲು ಮಣ್ಣಿನ ಏರಿ ಹಾಕಿದ್ದಾರಲ್ಲ, ದಾರಿ ಕೆಲವು ಕಡೆ ಆ ಏರಿಯ ಬುಡದಲ್ಲೇ ಸಾಗುತ್ತದೆ. ಒಂದು ಬದಿಗೆ ಹುಲ್ಲಿನ ಗೋಡೆ, ಇನ್ನೊಂದು ಬದಿಗೆ ಓಕ್ ಮರಗಳು. ನೀರು ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಸೈಕಲ್ ಒರಗಿಸಿ ಏರಿ ಹತ್ತಿದರೆ ಮಾತ್ರ ದರ್ಶನ. ಮೆನಿಲ್ ಸಾಂ ಪೇರ್ ಮತ್ತು ಜೆರೊದೊ ಹಳ್ಳಿಗಳ ಬಳಿ ಮರಳು ದಂಡೆ ಇದೆ, ಈಜಬಹುದು. ದೋರಿಯಾಂ ಹಾಯಿದೋಣಿಗೆ, ಅಮಾನ್ಸ್ ಮೋಟಾರು ದೋಣಿಗೆ, ತಾಂಪ್ಲ್ ಮೀನುಗಾರರಿಗೂ ಹಕ್ಕಿಗಳಿಗೂ ಎಂದು ಹಂಚಿಬಿಟ್ಟಿದ್ದಾರೆ. ಗದ್ದಲ ಬೇಡವಾದವರು ತಾಂಪ್ಲ್ ಕಡೆ ತಿರುಗಿ.

ಹೆಸರಿನ ಕತೆ ನನಗೆ ಹಿಡಿಸಿತು. ‘ತಾಂಪ್ಲ್’ ಅಂದರೆ ಟೆಂಪ್ಲರ್ ಎಂಬ ಮಧ್ಯಯುಗದ ಕ್ರೈಸ್ತ ಯೋಧರ ನೆನಪು. ಆ ಪಂಗಡವನ್ನು ಕಟ್ಟಿದ ಹ್ಯೂಗ್ ತ್ರುವಾ ಪಕ್ಕದ ಪಾಯಾಂ ಊರಿನವನು. ಒಂದು ಕಾಲಕ್ಕೆ ಈ ಕಾಡು ಪೂರ್ವದೇಶಗಳಲ್ಲಿ ಕಾದಾಡಿ ಬಂದ ಇಂಥ ಯೋಧರ ಕೈಯಲ್ಲಿತ್ತು. ‘ದೋರಿಯಾಂ’ ಅಂದರೆ ಪೂರ್ವದ್ದು ಎಂದೇ ಅರ್ಥ. ದಿಯಾಂವಿಲ್‌ನಿಂದ ಇನ್ನಷ್ಟು ತುಳಿದರೆ ಬ್ರಿಯೆನ್, ನೆಪೋಲಿಯನ್ ಹುಡುಗನಾಗಿದ್ದಾಗ ಸೈನಿಕ ಶಾಲೆ ಓದಿದ ಊರು. ಊಟದ ವಿಷಯ ಕೇಳಬೇಡಿ. ತ್ರುವಾದ ಹೆಮ್ಮೆಯ ತಿನಿಸು ಹಂದಿಯ ಕರುಳಿನ ಸಾಸೇಜು. ನಮ್ಮಂಥ ಸಸ್ಯಾಹಾರಿಗಳನ್ನು ಶಾವೂರ್ಸ್ ಎಂಬ ಮೆತ್ತನೆಯ ಚೀಸು ಮತ್ತು ಬ್ರೆಡ್ಡು ಕಾಪಾಡಿದವು.

ಇನ್ನು ಮೊರ್ವಾನ್. ಇಲ್ಲಿ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೋದದ್ದೂ ನಿಧಾನವಾಗಿಯೇ.

ಪ್ಯಾರಿಸ್ಸಿನ ಬೆರ್ಸಿ ನಿಲ್ದಾಣದಿಂದ ಅವಲ್ಲೊಂ ಊರಿಗೆ ಮೂರು ಗಂಟೆ ಹತ್ತಿರ. ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ಚಡಾವು ಶುರು. ಎತ್ತರ ದೊಡ್ಡದೇನಲ್ಲ, ಅತಿ ಎತ್ತರದ ಬೆಟ್ಟವೇ 901 ಮೀಟರ್. ನಮ್ಮ ಘಟ್ಟ ಕಂಡವರಿಗೆ ನಗು ಬರಬಹುದು. ಆದರೆ ಘಟ್ಟ ಒಮ್ಮೆ ಹತ್ತಿದರೆ ಮುಗಿಯಿತು. ಇದು ಹತ್ತಿಸುತ್ತದೆ, ಇಳಿಸುತ್ತದೆ, ಮತ್ತೆ ಹತ್ತಿಸುತ್ತದೆ. ಕೆರೆಗಳೆಲ್ಲ ಕಣಿವೆಯ ತಳದಲ್ಲಿರುವುದರಿಂದ ಒಂದೊಂದು ಕೆರೆ ನೋಡಿದ್ದಕ್ಕೂ ಹೊರಬರುವಾಗ ಸುಂಕ ಕಟ್ಟಬೇಕು. ಸೆತ್ತೊಂ ಕೆರೆ ಸುಮಾರು 580 ಮೀಟರ್ ಎತ್ತರದಲ್ಲಿದೆ, ಪಾನ್‌ಸಿಯೇರ್ ಸುಮಾರು 325ರಲ್ಲಿ. ಆ ಇಳುಕಲಿನಲ್ಲಿ ಯಜಮಾನರ ಹಿಂದಿನ ಬ್ರೇಕು ಕೀಚ್ ಅನ್ನತೊಡಗಿತು. ಬಾಡಿಗೆ ಕೊಟ್ಟವರು ಸವೆದ ಬ್ರೇಕ್ ಪ್ಯಾಡನ್ನು ಬದಲಿಸಿಯೇ ಇರಲಿಲ್ಲ. ಅಂಗಡಿಯ ಹೆಸರು ಬೇಡ, ಆದರೆ ನೀವು ಸೈಕಲ್ ತೆಗೆದುಕೊಳ್ಳುವಾಗ ಬ್ಯಾಟರಿಯ ಗೀಟು ನೋಡುವ ಮೊದಲು ಬ್ರೇಕು ನೋಡಿ.

ಬ್ಯಾಟರಿಯ ವಿಷಯಕ್ಕೆ ಬಂದರೆ, ತ್ರುವಾದಲ್ಲಿ ದಂಡ ಅನ್ನಿಸಿದ್ದು ಇಲ್ಲಿ ಪ್ರಾಣ ಉಳಿಸಿತು. ಚೀಲಗಳನ್ನೆಲ್ಲ ಅವರ ಕ್ಯಾರಿಯರ್‌ಗೆ ದಾಟಿಸಿದೆವು. ನಾನು ಹಲ್ಲು ಕಚ್ಚಿ ತುಳಿಯುವಾಗ ಅವರು ಮುಂದೆ ಹೋಗಿ ತಿರುವಿನಲ್ಲಿ ಕೂತು ಸೇಬು ತಿನ್ನುತ್ತಿದ್ದರು. ಮೊದಲ ದಿನ ಸುಮಾರು 45 ಕಿಲೋಮೀಟರ್ ಕಳೆದು ಸೆತ್ತೊಂ ಮುಟ್ಟುವಾಗ ಒಂದೇ ಗೀಟು ಉಳಿದಿತ್ತು. ದೋರಿಯಾಂನಲ್ಲಿ ಎರಡು ದಿನವಾದರೂ ಅರ್ಧ ಖಾಲಿಯಾಗಿರಲಿಲ್ಲ. ಸಾಧಾರಣ ಸೈಕಲ್ಲಾದರೆ ಮೊರ್ವಾನ್‌ಗೆ ಸಣ್ಣ ಗೇರ್ ಇರಲೇಬೇಕು. ನನ್ನದರಲ್ಲಿ ಇರಲಿಲ್ಲ. ಮೂರು ಕಡೆ ಇಳಿದು ತಳ್ಳಿದೆ, ನಾಚಿಕೆಯೇನಿಲ್ಲ.

ಇಷ್ಟೆಲ್ಲ ಕಷ್ಟಕ್ಕೆ ಸಿಕ್ಕಿದ್ದೇನು? ಸೆತ್ತೊಂ ಕೆರೆಯ ಅಣೆಕಟ್ಟು 1858ರದು, ಕಲ್ಲಿನದು. ಅದು ಪ್ರವಾಹಕ್ಕಾಗಿ ಕಟ್ಟಿದ್ದಲ್ಲ, ಸೌದೆ ತೇಲಿಸಲು. ಹದಿನಾರನೇ ಶತಮಾನದಿಂದಲೂ ಪ್ಯಾರಿಸ್ಸಿನ ಒಲೆಗಳು ಮೊರ್ವಾನಿನ ಕಟ್ಟಿಗೆಯಿಂದ ಉರಿಯುತ್ತಿದ್ದವು. ಕಡಿದ ತುಂಡುಗಳನ್ನು ಹಳ್ಳಕ್ಕೆ ಎಸೆದು, ಮೇಲಿನ ಕಟ್ಟೆ ಬಿಚ್ಚಿ ನೀರಿನ ಜೊತೆ ತಳ್ಳುತ್ತಿದ್ದರು. ಕೆಳಗೆ ಕ್ಲಾಮ್ಸಿ ಎಂಬಲ್ಲಿ ತೆಪ್ಪ ಕಟ್ಟಿ ಯೋನ್, ಸೇನ್ ನದಿಗಳಲ್ಲಿ ರಾಜಧಾನಿಗೆ ಸಾಗಿಸುತ್ತಿದ್ದರು. ಸೌದೆ ಮಾತ್ರವಲ್ಲ, ಹಾಲೂ ಹೋಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಬಾಣಂತಿಯರು ಸ್ವಂತ ಕೂಸನ್ನು ಮನೆಯಲ್ಲಿ ಬಿಟ್ಟು ಪ್ಯಾರಿಸ್ಸಿನ ಸಾಹುಕಾರರ ಮಕ್ಕಳಿಗೆ ಮೊಲೆಯೂಡಿಸಲು ಹೋಗುತ್ತಿದ್ದರು. ಅಲ್ಲಿಂದ ಅನಾಥ ಮಕ್ಕಳು ಸಾಕಣೆಗೆ ಇಲ್ಲಿನ ಹಳ್ಳಿಗಳಿಗೆ ಬರುತ್ತಿದ್ದರು. ಅಲಿನ್ಯಿ ಹಳ್ಳಿಯಲ್ಲಿ ಆ ದಾದಿಯರ ಮತ್ತು ಆ ಮಕ್ಕಳ ಮ್ಯೂಸಿಯಂ ಇದೆ. ಒಂದು ಗಂಟೆಗೆಂದು ಹೊಕ್ಕವಳು ಎರಡೂವರೆ ಗಂಟೆ ಕಳೆದು ಹೊರಬಂದೆ. ಸಾಗರದ ಕಡೆಯವಳು ನಾನು. ಇನ್ನೊಬ್ಬರ ಊರಿನ ದೀಪಕ್ಕೆ ನಮ್ಮ ಊರು ಮುಳುಗಡೆಯಾದ ಕತೆ ಕೇಳಿ ಬೆಳೆದವಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಕಾಡಿನ ಬಗ್ಗೆ ಮಾತ್ರ ಸುಳ್ಳು ಹೇಳಲಾರೆ. ದೋರಿಯಾಂನ ಓಕ್ ಕಾಡು ಜೇಡಿಮಣ್ಣಿನದು, ಮಳೆ ಬಂದರೆ ಪಕ್ಕದ ಕಾಲುದಾರಿಯಲ್ಲಿ ಚಕ್ರಕ್ಕೆ ಅಂಟು ಹಿಡಿಯುತ್ತದೆ, ಆದರೆ ಕಾಡು ಕಾಡಿನಂತಿದೆ. ಮೊರ್ವಾನಿನಲ್ಲಿ ಬಹಳ ಕಡೆ ಬೀಚ್, ಓಕ್ ಮರಗಳನ್ನು ತೆಗೆದು ಡಗ್ಲಸ್ ಫರ್ ಮರಗಳನ್ನು ಸಾಲುಸಾಲಾಗಿ ನೆಟ್ಟಿದ್ದಾರೆ. ಒಳಗೆ ಹಕ್ಕಿಯ ಸದ್ದೂ ಕಡಿಮೆ, ಅಕೇಶಿಯಾ ನೆಡುತೋಪಿನಲ್ಲಿ ಹೋದ ಹಾಗೆ. ಗುಡ್ಡ ಪೂರ್ತಿ ಬೋಳಿಸಿದ ಜಾಗವೂ ಸಿಕ್ಕಿತು. ಕಿರಿದಾದ ರಸ್ತೆಯಲ್ಲಿ ದಿಮ್ಮಿ ತುಂಬಿದ ಲಾರಿ ಬಂದರೆ ಹುಲ್ಲಿಗೆ ಇಳಿದು ನಿಲ್ಲುವುದೇ ಲೇಸು.

ನೀರಿನ ಉಪಾಯ ಒಂದು ಹೇಳಿಬಿಡುತ್ತೇನೆ, ಎರಡೂ ಕಡೆಗೆ ಆಗುತ್ತದೆ. ಮಧ್ಯಾಹ್ನ ಹಳ್ಳಿಯ ಅಂಗಡಿ ಮುಚ್ಚಿರುತ್ತದೆ, ಸೋಮವಾರ ಕೆಲವೆಡೆ ಇಡೀ ದಿನ. ಆಗ ಚರ್ಚಿನ ಸ್ಮಶಾನ ಹುಡುಕಿ. ಹೂಕುಂಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ, ಕುಡಿಯಬಾರದು ಎಂಬ ಫಲಕ ಇಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಬಹುದು. ಮೊದಲ ಸಲ ನಾನು ಒಪ್ಪಲಿಲ್ಲ. “ಸ್ಮಶಾನದ ನೀರು ಬೇಡ ರೀ” ಅಂದೆ. ಎರಡನೇ ಚಡಾವಿನ ಮೇಲೆ ನಾನೇ ಮುಂದೆ ಹೋಗಿ ನಲ್ಲಿ ತಿರುಗಿಸಿದೆ.

ಎರಡೇ ದಿನ ಇದ್ದರೆ, ಜೊತೆಗೆ ಮಕ್ಕಳೋ ಮಂಡಿನೋವಿನವರೋ ಇದ್ದರೆ, ಯೋಚನೆ ಬೇಡ, ತ್ರುವಾ. ಅಕ್ಟೋಬರ್ ಕೊನೆಗೆ ಹೋದರೆ ನೀರಿಳಿದ ಕೆಸರಿನಲ್ಲಿ ಬೂದು ಕ್ರೌಂಚ ಹಕ್ಕಿಗಳು ವಲಸೆ ಬಂದು ಇಳಿಯುತ್ತವೆ. ನಾಲ್ಕು ದಿನ, ಬ್ಯಾಟರಿ ಅಥವಾ ಗಟ್ಟಿ ತೊಡೆ ಇದ್ದರೆ ಮೊರ್ವಾನ್. ನನ್ನ ಓಟು ಮೊರ್ವಾನ್‌ಗೆ, ಅವರದು ತ್ರುವಾಗೆ.

ಇಬ್ಬರೂ ಒಪ್ಪಿದ ತುಂಡೊಂದಿದೆ. ಪಾನ್‌ಸಿಯೇರ್ ಕೆಳಗಿನಿಂದ ಯೋನ್ ನದಿಯ ನೀರನ್ನು ನಿವೆರ್ನೆ ಕಾಲುವೆಗೆ ಒಯ್ಯುವ ಸಣ್ಣ ನಾಲೆ. ಗುಡ್ಡದ ಸೊಂಟ ಬಳಸಿಕೊಂಡು ಸುಮಾರು 25 ಕಿಲೋಮೀಟರ್ ಹೋಗುತ್ತದೆ. ಮೊಂತ್ರೊಯೊಂ ಬಳಿ ಕಣಿವೆಯ ಮೇಲೆ 33 ಮೀಟರ್ ಎತ್ತರದ ಕಲ್ಲಿನ ಮೇಲ್ಗಾಲುವೆಯಲ್ಲಿ ದಾಟುತ್ತದೆ. ನಾಲೆಯ ದಂಡೆ ಮಣ್ಣಿನದು, ಅಗಲ ಸಾಲದು, ಆದರೆ ನೀರು ಹರಿಯುವಷ್ಟೇ ಇಳಿಜಾರು. ಯಜಮಾನರು ಮೋಟಾರು ಆರಿಸಿದರು. ಮೂರು ದಿನದಲ್ಲಿ ಮೊದಲ ಸಲ ಇಬ್ಬರೂ ಅಕ್ಕಪಕ್ಕ.

“ಈಗ್ಯಾಕೆ ಆರಿಸಿದಿರಿ?”

“ಸದ್ದು ಮಾಡ್ಬೇಡ, ನೀರು ಕೇಳ್ತಿದೆ” ಅಂದರು. ಹಿಂದಿನ ಬ್ರೇಕು ಮಾತ್ರ ಕೀಚ್ ಅನ್ನುತ್ತಲೇ ಇತ್ತು.