ಲೆ ಗ್ವಿನ್ ಕತೆಗಳು: ಹಳೆಯ ಸಂಕಲನಗಳೋ, ದಪ್ಪ ಸಂಪುಟಗಳೋ?

ಅಮೆರಿಕದ ವೈಜ್ಞಾನಿಕ ಕತೆ, ಫ್ಯಾಂಟಸಿಗಳ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ ಅವರ ಸಣ್ಣ ಕತೆಗಳನ್ನು ಕೂಡಿಸಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಮೂರು ದಾರಿಗಳಿವೆ. ಒಂದು, ಕಾಲಕಾಲಕ್ಕೆ ಬಂದ ಹಳೆಯ ಸಂಕಲನಗಳು. ಇನ್ನೊಂದು, ಕೊನೆಯ ವರ್ಷಗಳಲ್ಲಿ ಬಂದ ದಪ್ಪ ಆಯ್ಕೆಗಳು. ಮತ್ತೊಂದು, ಒಂದೇ ಲೋಕಕ್ಕೆ ಸೇರಿದ ಕಾದಂಬರಿ, ಕತೆಗಳನ್ನು ಒಟ್ಟಿಗೆ ತಂದ ಸಂಪುಟಗಳು. ನನ್ನ ಕಪಾಟಿನಲ್ಲಿ ಮೂರೂ ಬಗೆಯವು ಇವೆ. ಒಂದೇ ಕತೆಯನ್ನು ಬೇರೆ ಬೇರೆ ಪುಸ್ತಕದಲ್ಲಿ ಓದಿ ನೋಡಿದ್ದೇನೆ. ಪಕ್ಕದಲ್ಲಿ ಯಾವ ಕತೆ ಇದೆ ಅನ್ನುವುದರ ಮೇಲೆ ಓದು ಎಷ್ಟು ಬದಲಾಗುತ್ತದೆ ಅನ್ನುವುದು ಹಾಗೆ ಓದಿದಾಗಲೇ ಗೊತ್ತಾಗುವುದು.

ಮೊದಲು 1975ರ ‘ದಿ ವಿಂಡ್ಸ್ ಟ್ವೆಲ್ವ್ ಕ್ವಾರ್ಟರ್ಸ್’ ತೆಗೆದುಕೊಳ್ಳಿ. ಇದರಲ್ಲಿ 17 ಕತೆಗಳಿವೆ, ಹೆಚ್ಚುಕಡಿಮೆ ಬಂದ ಕಾಲದ ಕ್ರಮದಲ್ಲೇ. ಚಿತ್ರಕಾರರು ತಮ್ಮ ಹಳೆಯ ಕೆಲಸವನ್ನೆಲ್ಲ ಒಟ್ಟಿಗೆ ತೂಗುಹಾಕುವ ಪ್ರದರ್ಶನದಂತೆ ಇದನ್ನು ನೋಡಿ ಎಂದು ಲೇಖಕಿಯೇ ಹೇಳುತ್ತಾರೆ. ಪ್ರತಿ ಕತೆಗೂ ಮೊದಲು ಅವರದೊಂದು ಪುಟ್ಟ ಟಿಪ್ಪಣಿ ಇದೆ. ‘ನೈನ್ ಲೈವ್ಸ್’ ಕತೆಯನ್ನು ಹಾಕಿದ ಪ್ಲೇಬಾಯ್ ಪತ್ರಿಕೆ, ಲೇಖಕಿ ಹೆಣ್ಣು ಅಂತ ತಿಳಿಯದ ಹಾಗೆ ‘ಯು. ಕೆ. ಲೆ ಗ್ವಿನ್’ ಅಂತ ಮಾತ್ರ ಅಚ್ಚು ಮಾಡಿದ್ದು ನನಗೆ ತಿಳಿದದ್ದು ಇಂಥ ಟಿಪ್ಪಣಿಯಿಂದಲೇ.

ಈ ಪುಸ್ತಕದ ಕೊನೆಯ ಎರಡು ಕತೆಗಳಿಗಾಗಿಯೇ ನಾನು ಹಳೆಯ ಸಂಕಲನಗಳ ಪರ. ಹದಿನಾರನೆಯದು ‘ದಿ ಒನ್ಸ್ ಹೂ ವಾಕ್ ಅವೇ ಫ್ರಮ್ ಓಮೆಲಾಸ್’. ಊರಿಗೆ ಊರೇ ಸುಖವಾಗಿರುತ್ತದೆ. ಆದರೆ ಆ ಸುಖವೆಲ್ಲ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ನರಳಾಟದ ಮೇಲೆ ನಿಂತಿರುತ್ತದೆ. ಅದನ್ನು ಕಂಡ ಕೆಲವರು ಏನೂ ಹೇಳದೆ ಊರು ಬಿಟ್ಟು ಹೋಗುತ್ತಾರೆ. ಎಲ್ಲಿಗೆ ಅಂತ ಕತೆ ಹೇಳುವುದಿಲ್ಲ. ಪುಟ ತಿರುಗಿಸಿದರೆ ‘ದಿ ಡೇ ಬಿಫೋರ್ ದಿ ರೆವೊಲ್ಯೂಷನ್’. ಅಲ್ಲಿ ಓಡೋ ಅನ್ನುವ ಮುದುಕಿ. ಪಾರ್ಶ್ವವಾಯು ಬಡಿದಿದೆ, ಗಂಡ ಸತ್ತು ಎಷ್ಟೋ ಕಾಲವಾಗಿದೆ, ತಾನೇ ಹುಟ್ಟುಹಾಕಿದ ಚಳವಳಿ ಈಗ ಬೇರೆಯವರ ಕೈಯಲ್ಲಿದೆ. ಈ ಕತೆಯ ಟಿಪ್ಪಣಿಯಲ್ಲಿ ಲೆ ಗ್ವಿನ್ ಹೇಳುತ್ತಾರೆ: ಇದು ಓಮೆಲಾಸ್ ಬಿಟ್ಟು ನಡೆದವರಲ್ಲಿ ಒಬ್ಬಳ ಕತೆ. ಆ ಒಂದು ಮಾತಿನಿಂದ ಎರಡೂ ಕತೆಗಳು ಬೆಸೆದುಕೊಳ್ಳುತ್ತವೆ. ಊರು ಬಿಟ್ಟವರು ಎಲ್ಲಿಗೆ ಹೋದರು ಅಂತ ಕೇಳುತ್ತಿದ್ದ ಓದುಗನಿಗೆ, ದಣಿದ, ಆದರೂ ಹಟ ಬಿಡದ ಒಬ್ಬ ಹೆಂಗಸು ಎದುರಾಗುತ್ತಾಳೆ.

ಇದೇ ಜೋಡಿಯನ್ನು ಬೇರೆ ಪುಸ್ತಕಗಳಲ್ಲಿ ಹುಡುಕಿ ನೋಡಿ. 2012ರಲ್ಲಿ ಎರಡು ಸಂಪುಟವಾಗಿ ಬಂದ ‘ದಿ ಅನ್‌ರಿಯಲ್ ಆಂಡ್ ದಿ ರಿಯಲ್’ನಲ್ಲಿ ಓಮೆಲಾಸ್ ಇದೆ, ಓಡೋ ಇಲ್ಲ. 2017ರಲ್ಲಿ ಲೈಬ್ರರಿ ಆಫ್ ಅಮೆರಿಕ ಅನ್ನುವ ಪ್ರಕಾಶನ, ‘ಹೈನ್’ ಲೋಕದ ಕಾದಂಬರಿ, ಕತೆಗಳನ್ನು ಸೇರಿಸಿ ಎರಡು ಸಂಪುಟವಾಗಿ ತಂದ ‘ಹೈನಿಷ್ ನಾವೆಲ್ಸ್ ಆಂಡ್ ಸ್ಟೋರೀಸ್’ನಲ್ಲಿ ಓಡೋ ಇದ್ದಾಳೆ, ಓಮೆಲಾಸ್ ಇಲ್ಲ. ಅಲ್ಲಿ ಅವಳ ಕತೆ ‘ದಿ ಡಿಸ್ಪೊಸೆಸ್ಡ್’ ಕಾದಂಬರಿ ಇರುವ ಸಂಪುಟದಲ್ಲೇ ಸಿಗುತ್ತದೆ. ಅದರಲ್ಲೂ ಒಂದು ಸುಖ ಇದೆ. ಕಾದಂಬರಿಯಲ್ಲಿ ಬರೀ ಹೆಸರಾಗಿ, ಪ್ರತಿಮೆಯಾಗಿ ಕಂಡವಳು ಇಲ್ಲಿ ಉಸಿರಾಡುತ್ತಾಳೆ. ಆದರೂ ನನಗೆ ಹೆಚ್ಚು ಬೆಲೆಯ ಜೋಡಿ ಮೊದಲನೆಯದೇ.

1982ರ ‘ದಿ ಕಂಪಾಸ್ ರೋಸ್’ ವಿಷಯದಲ್ಲೂ ಹೀಗೇ. ಕತೆಗಳನ್ನು ದಿಕ್ಕುಗಳ ಹೆಸರಲ್ಲಿ ಹಂಚಿದ್ದಾರೆ. ನಾಲ್ಕು ದಿಕ್ಕಿನ ಜೊತೆಗೆ ಮೇಲೆ, ಕೆಳಗೆ ಕೂಡ. ಇರುವೆ ಬರೆದ ಸಾಹಿತ್ಯವನ್ನು ವಿದ್ವಾಂಸರು ಓದುವ ಕತೆ ಕೆಳಗಿನ ದಿಕ್ಕಿನಲ್ಲಿ, ಪುಸ್ತಕದ ಶುರುವಿನಲ್ಲೇ ಬರುತ್ತದೆ. ಯಾರಿಗೂ ಹೇಳದೆ ದಕ್ಷಿಣ ಧ್ರುವಕ್ಕೆ ಹೋಗಿಬಂದ ಹೆಂಗಸರ ಕತೆ ‘ಸುರ್’ ಸರಿಯಾಗಿ ದಕ್ಷಿಣದಲ್ಲಿ, ಕಟ್ಟಕಡೆಗೆ. ಪುಸ್ತಕವೇ ಆ ಪಯಣದ ತುದಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ಆಯ್ಕೆಯ ಸಂಪುಟದಲ್ಲಿ ‘ಸುರ್’ ಓದಿದರೆ ಒಳ್ಳೆಯ ಕತೆ ಓದಿದ ಹಾಗಾಗುತ್ತದೆ, ಅಷ್ಟೇ.

ಹಾಗಂತ ಆಯ್ಕೆಗಳು ಬೇಡ ಅಂತಲ್ಲ. ‘ದಿ ಅನ್‌ರಿಯಲ್ ಆಂಡ್ ದಿ ರಿಯಲ್’ನ ಕತೆಗಳನ್ನು ಲೆ ಗ್ವಿನ್ ಅವರೇ ಆರಿಸಿದ್ದು. ಒಂದು ಸಂಪುಟ ಈ ಭೂಮಿಯದು, ಇನ್ನೊಂದು ಆಚೆಯ ಲೋಕಗಳದು. ಅವರನ್ನು ಹೊಸದಾಗಿ ಓದುವವರಿಗೆ ಯಾರಾದರೂ ಒಂದನ್ನು ಕೇಳಿದರೆ ನಾನು ಇದನ್ನೇ ಕೊಡುತ್ತೇನೆ. ಅಲ್ಲಿ ಬಿಟ್ಟ ನೀಳ್ಗತೆಗಳಿಗೆ 2016ರ ‘ದಿ ಫೌಂಡ್ ಆಂಡ್ ದಿ ಲಾಸ್ಟ್’ ಇದೆ, ಒಟ್ಟು 13. ಅದರ ಕೊನೆಯ ‘ಪ್ಯಾರಡೈಸಸ್ ಲಾಸ್ಟ್’ ಅಂತೂ ತಲೆಮಾರುಗಟ್ಟಲೆ ನೌಕೆಯಲ್ಲೇ ಹುಟ್ಟಿ ಸಾಯುವ ಜನರ ಬಗ್ಗೆ ನಾನು ಓದಿದ ಅತ್ಯುತ್ತಮ ಕತೆ.

ಆದರೆ ಇಲ್ಲೊಂದು ತೊಡಕು ಇದೆ. 1995ರ ‘ಫೋರ್ ವೇಸ್ ಟು ಫರ್ಗಿವ್‌ನೆಸ್’ ನಾಲ್ಕು ಕತೆಗಳ ಒಂದು ಗೊಂಚಲು. ಜೀತದಿಂದ ಬಿಡುಗಡೆಯಾದ ಜನ ಮುಂದೆ ಹೇಗೆ ಬದುಕಬೇಕು ಅನ್ನುವುದೇ ಅದರ ಜೀವ. ‘ದಿ ಫೌಂಡ್ ಆಂಡ್ ದಿ ಲಾಸ್ಟ್’ನಲ್ಲಿ ಅದರ ಮೂರು ಕತೆಗಳು ಇವೆ. ಮೊದಲನೆಯದಾದ ‘ಬಿಟ್ರೇಯಲ್ಸ್’ ‘ದಿ ಅನ್‌ರಿಯಲ್ ಆಂಡ್ ದಿ ರಿಯಲ್’ನ ಎರಡನೇ ಸಂಪುಟಕ್ಕೆ ಹೋಗಿದೆ. ಒಂದೇ ಮನೆಯವರನ್ನು ಬೇರೆ ಬೇರೆ ಊರಿಗೆ ಕಳಿಸಿದ ಹಾಗಾಯಿತಲ್ವಾ? ಲೈಬ್ರರಿ ಆಫ್ ಅಮೆರಿಕದ ಎರಡನೇ ಸಂಪುಟ ಈ ನಾಲ್ಕರ ಜೊತೆಗೆ, ಆಮೇಲೆ ಬರೆದ ‘ಓಲ್ಡ್ ಮ್ಯೂಸಿಕ್ ಆಂಡ್ ದಿ ಸ್ಲೇವ್ ವಿಮೆನ್’ ಕೂಡ ಸೇರಿಸಿ, ಐದನ್ನೂ ಒಂದೇ ಪುಸ್ತಕವಾಗಿ ಕೊಡುತ್ತದೆ. ಈ ಒಂದು ಗೊಂಚಲಿನ ಮಟ್ಟಿಗೆ ಹಳೆಯ ಸಂಕಲನಕ್ಕಿಂತ ಇದೇ ಮೇಲು. ಲೈಬ್ರರಿ ಆಫ್ ಅಮೆರಿಕದ ಮೊದಲನೇ ಸಂಪುಟದಲ್ಲಿ, ಗಂಡು ಹೆಣ್ಣು ಅನ್ನುವ ಭೇದವಿಲ್ಲದ ಜನರ ಕತೆ ‘ವಿಂಟರ್ಸ್ ಕಿಂಗ್’ನ ಎರಡೂ ರೂಪಗಳಿವೆ. 1969ರಲ್ಲಿ ಬಂದಾಗ ಅದರ ಪಾತ್ರಗಳೆಲ್ಲ ‘ಅವನು’. 1975ರ ಸಂಕಲನಕ್ಕೆ ತಿದ್ದುವಾಗ ಎಲ್ಲರನ್ನೂ ‘ಅವಳು’ ಮಾಡಿದರು, ‘ರಾಜ’ ಮಾತ್ರ ರಾಜನಾಗೇ ಉಳಿದ. ಎರಡನ್ನೂ ಒಂದರ ಹಿಂದೆ ಒಂದು ಓದಿ. ಕಣ್ಣ ಮುಂದೆ ಬರುವ ಮುಖಗಳೇ ಬದಲಾಗುತ್ತವೆ.

ಅರ್ತ್‌ಸೀ ಅನ್ನುವ ಮಾಂತ್ರಿಕರ ದ್ವೀಪಲೋಕದ ಕತೆಗಳಿಗೆ ಚಾರ್ಲ್ಸ್ ವೆಸ್ ಚಿತ್ರಗಳಿರುವ 2018ರ ‘ದಿ ಬುಕ್ಸ್ ಆಫ್ ಅರ್ತ್‌ಸೀ’ ಚೆಂದವಾಗಿದೆ. 1964ರ ಎರಡು ಮೊದಲ ಕತೆಗಳಿಂದ ಹಿಡಿದು ಕೊನೆಯ ‘ಫೈರ್‌ಲೈಟ್’ವರೆಗೆ ಅದರಲ್ಲಿ ಸಿಗುತ್ತದೆ. ಆದರೆ ಬಹಳ ಭಾರ, ಮಲಗಿ ಓದುವುದಕ್ಕಾಗುವುದಿಲ್ಲ. ಓದುವುದಕ್ಕೆ ನಾನು ಈಗಲೂ 2001ರ ‘ಟೇಲ್ಸ್ ಫ್ರಮ್ ಅರ್ತ್‌ಸೀ’ಯನ್ನೇ ಕೈಗೆ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಐದು ಕತೆ, ಕೊನೆಗೆ ಆ ದ್ವೀಪಗಳ ಬಗ್ಗೆ ಒಂದು ವಿವರಣೆ. ಇ-ಬುಕ್ ಇದೆ, ಯಾವ ಸಾಲು ಎಲ್ಲಿದೆ ಅಂತ ಹುಡುಕಲು ಅನುಕೂಲ. ಅದಕ್ಕಿಂತ ಜಾಸ್ತಿ ಅದನ್ನು ನಾನು ಬಳಸುವುದಿಲ್ಲ.

ಹಳೆಯ ಪ್ರತಿಗಳನ್ನು ಕೊಳ್ಳುವಾಗ ಒಂದು ಮಾತು ನೆನಪಿರಲಿ. ‘ದಿ ವಿಂಡ್ಸ್ ಟ್ವೆಲ್ವ್ ಕ್ವಾರ್ಟರ್ಸ್’ನ ಬ್ರಿಟಿಷ್ ಪೇಪರ್‌ಬ್ಯಾಕ್ ಒಂದು ಕಾಲದಲ್ಲಿ ಎರಡು ಭಾಗವಾಗಿ ಬಂದಿತ್ತು. ಮೊದಲ ಭಾಗ ಮಾತ್ರ ಕೈಗೆ ಸಿಕ್ಕರೆ ಓಮೆಲಾಸೂ ಇಲ್ಲ, ಓಡೋನೂ ಇಲ್ಲ. ಕೊಳ್ಳುವ ಮೊದಲು ಪರಿವಿಡಿಯ ಕೊನೆಯ ಎರಡು ಹೆಸರು ನೋಡಿಕೊಳ್ಳಿ.